ಹೊನವಾಡದಲ್ಲಿ ನಾನು ಕಟ್ಟಿದ ಪಾತ್ರ

ಪಾಠ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ವಿಜಾಪುರ ಜಿಲ್ಲೆಯಲ್ಲೇ ಇಲ್ಲವೆಂದು ನಾನು ನಂಬಿದ್ದ ಕಾಲವೊಂದಿತ್ತು. ಅದು ಎಪ್ಪತ್ತರ ದಶಕದ ಕೊನೆ. ಬಾಲವಾಡಿಗೆ ಶಿಕ್ಷಕಿಯರಾಗಿ ಸೇರುವ ಹುಡುಗಿಯರಿಗೆ ತರಬೇತಿ ಕೊಡುವುದು ನನ್ನ ಕೆಲಸ.

ಹೊನವಾಡದಲ್ಲಿ ಗಂಗವ್ವ ಎಂಬ ಎಳೆಯ ತಾಯಿ ಇದ್ದಳು. ಬುದ್ಧಿಯ ಬೆಳವಣಿಗೆ ಕಡಿಮೆ. ಒಂದೊಂದೇ ಕೆಲಸ ಬಿಡಿಸಿ ತೋರಿಸಿದರೆ ಕಲಿಯುತ್ತಿದ್ದಳು. ಗದರಿದರೆ ಎಲ್ಲ ಮರೆಯುತ್ತಿದ್ದಳು. ಅತ್ತೆ ನೀಲವ್ವನಿಗೋ, ಇವಳು ಕೂಸನ್ನು ಎಲ್ಲಿ ಕೆಡವುತ್ತಾಳೋ ಎಂಬ ಭಯ; ಮೊಮ್ಮಗಳನ್ನು ಬಬಲೇಶ್ವರದ ತನ್ನ ಮಗಳ ಮನೆಗೆ ಒಯ್ದುಬಿಡುವ ಯೋಚನೆ. "ನಾವು ಆಕಿಗೆ ಕಲಿಸ್ತೇವ್ರಿ, ಸ್ವಲ್ಪ ತಡೀರಿ" ಎಂದು ಬೇಡಿಕೊಂಡಿದ್ದೆ. ಇಂಥ ತಾಯಂದಿರಿಗೆ ಆಸರೆಯಾಗುವುದು ಹೇಗೆಂದು ಹುಡುಗಿಯರಿಗೆ ಹೇಳಿಕೊಡಲು ಇದಕ್ಕಿಂತ ತಕ್ಕ ಊರುಂಟೆ? ಎಲ್ಲರನ್ನೂ ಬಸ್ಸು ಹತ್ತಿಸಿದೆ.

ಒಮ್ಮೆಗೇ ಇಷ್ಟು ಜನ ಮನೆಗೆ ನುಗ್ಗಿದರೆ ಗಂಗವ್ವ ಬೆದರಿಯಾಳೆಂದು ಮೊದಲು ಗುಡಿಯ ಕಟ್ಟೆಯ ಮೇಲೆ ಅಭ್ಯಾಸ. ತಾಯಿಯ ಪಾತ್ರ ಸ್ವತಃ ನನ್ನದು! ಕಾಲೇಜಿನಲ್ಲಿ ನಾಟಕಕ್ಕೆ ಬಹುಮಾನ ಪಡೆದವಳು ಬಿಡುತ್ತೇನೆಯೇ? ಸೆರಗು ಜಾರಿಸಿದೆ. ಬಾಯಿ ತೆರೆದು ಕೂತೆ. ಕೂಸಿನ ಬದಲು ತಂದಿದ್ದ ತಲೆದಿಂಬನ್ನು ತಲೆಕೆಳಗಾಗಿ ಹಿಡಿದೆ. ಒಬ್ಬ ಹುಡುಗಿ "ನಿಧಾನ್ಕ ಹಿಡಿ ಯವ್ವಾ" ಎಂದು ಕಲಿಸಬಂದರೆ ದಿಂಬನ್ನು ಬೀಳಿಸಿಯೇ ಬಿಟ್ಟೆ. ಹುಡುಗಿಯರು ನಕ್ಕರು. ಊರು ಸೇರಿತು, ಊರೂ ನಕ್ಕಿತು. ನಾನು ಮತ್ತೊಮ್ಮೆ ಬೀಳಿಸಿದೆ!

ನಗು ತಟ್ಟನೆ ನಿಂತಿತು. ಗುಂಪಿನ ಮುಂದೆ ಗಂಗವ್ವ, ಕಂಕುಳಲ್ಲಿ ಕೂಸು.

"ಅಕ್ಕಾರ, ನಾ ಹಿಂಗ ಮಾಡ್ತೇನ್ರಿ?"

"ಇಲ್ಲವ್ವಾ, ಇದು ಬರೇ ಪಾಠ..."

"ನಾ ಒಮ್ಮಿನೂ ಕೆಡವಿಲ್ರಿ" ಎನ್ನುತ್ತ ಕೂಸನ್ನು ಎಷ್ಟು ಬಿಗಿಯಾಗಿ ಅವಚಿಕೊಂಡಳೆಂದರೆ, ಅದು ಕಿರುಚಿ ಅಳತೊಡಗಿತು.

ನೀಲವ್ವ ಮುಂದೆ ಬಂದು ಅದನ್ನು ಕಿತ್ತುಕೊಂಡಳು. "ಕಲಿಸೋ ಅಕ್ಕಾರ ಮಾಡಿ ತೋರಿಸ್ಯಾರ. ಇನ್ನೇನು ನೋಡೂದೈತಿ?"

"ಅದು ನಾಟಕರೀ ಯವ್ವಾ! ಖರೇ ಅಲ್ಲ!"

"ಊರ ಮಂದಿ ಗುರ್ತು ಹಿಡದ ನಕ್ಕಾರ ಬಿಡ್ರಿ."

ಮರುದಿನವೇ ಕೂಸು ಬಬಲೇಶ್ವರ ಸೇರಿತು. ನಾನೂ ಅಲ್ಲಿಗೆ ಹೋಗಿ ಕೈಮುಗಿದೆ. ಚಹಾ ಕೊಟ್ಟರು, ಕೂಸನ್ನು ಕೊಡಲಿಲ್ಲ. ಗಂಗವ್ವನಂತೂ ನನ್ನನ್ನು ಕಂಡರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಇತ್ತ ಕಚೇರಿಯಲ್ಲಿ ನಮ್ಮ ಸಾಹೇಬರಿಗೆ ಎಲ್ಲಿಲ್ಲದ ಖುಷಿ. "ನಿಮ್ಮ ಪಾಠಕ್ಕ ಭಾಳ ಮಂದಿ ಕೂಡಿತ್ತಂತಲ್ರಿ! ತಿಕೋಟಾದಾಗೂ ಒಮ್ಮೆ ಮಾಡಿಬಿಡ್ರಿ."

"ಗಂಟಲು ಕಟ್ಟೇತ್ರಿ ಸರ್" ಎಂದೆ.

"ಆ ಪಾತ್ರಕ್ಕ ಮಾತೇ ಇಲ್ಲಂತಲ್ರಿ!"