ಅತ್ತೆ ಬೆಳೆಸಿದ ಕಂಪನಿ

ನಮ್ಮ ಸೋದರತ್ತೆ ಒಂದು ಬಹುರಾಷ್ಟ್ರೀಯ ಕಂಪನಿಯನ್ನು ಬೆಳೆಸಿದ್ದಾಳೆ. ನೀವು ನಂಬುವುದಿಲ್ಲ, ನನಗೆ ಗೊತ್ತು. ಆದರೆ ಕೊಟ್ಟೂರಿನ ಸಂತೆಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಅತ್ತೆಯ ಬಾಯಿಂದ ಈ ಸಂಗತಿ ಕೇಳದೆ ಮನೆಗೆ ಹೋದವರು ಅಲ್ಲಿ ಯಾರೂ ಇಲ್ಲ!

ಅತ್ತೆ ಹುಟ್ಟಿದ್ದು ಹಿರೇಹಡಗಲಿಯಲ್ಲಿ. ಚಿಕ್ಕಂದಿನಿಂದಲೂ ಮಲ್ಲಿಗೆ ಕಟ್ಟಿ ಕಟ್ಟಿ ಬೆರಳು ಪಳಗಿದ್ದವು. ಮದುವೆಯಾಗಿ ಬೆಂಗಳೂರಿಗೆ ಹೋದಾಗ ಮಾವನಿಗೆ ಅಲ್ಲಿ ಯಾವುದೋ ಗೋದಾಮಿನಲ್ಲಿ ಕೆಲಸ. ಇವರ ವಠಾರದ ಹಿಂದೆಯೇ ಇದ್ದ ತಗಡಿನ ಶೆಡ್ಡಿನಲ್ಲಿ ಒಬ್ಬ ಇಂಜಿನಿಯರು ಕಂಪನಿ ಶುರು ಮಾಡಿದ್ದರು. ಕೂದಲೆಳೆಯಂಥ ವೈರುಗಳನ್ನು ಕಟ್ಟು ಕಟ್ಟಿ, ತುದಿಗೆ ಬೆಸುಗೆ ಹಾಕಿ ಕೊಡುವ ಕೆಲಸ. ವಿಮಾನದ ಒಳಗೆ, ರೇಡಾರಿನ ಒಳಗೆ ಹೋಗುವ ವೈರುಗಳವು. ಅತ್ತೆ ಸೀದಾ ಒಳಗೆ ಹೋಗಿ ಕೆಲಸ ಕೇಳಿದಳಂತೆ.

“ಏನು ಓದಿದ್ದೀಯಮ್ಮಾ?” ಎಂದರು ಇಂಜಿನಿಯರು.

“ಏಳನೇತ್ತರಿ. ಆದ್ರ ನಾನು ಕಟ್ಟಿದ ಹೂವಿನಾಗ ಒಂದು ಗಂಟೂ ಸಡ್ಲ ಆಗಂಗಿಲ್ರಿ.”

ಸಂದರ್ಶನ ಮುಗಿಯಿತು. ಅತ್ತೆ ಆ ಶೆಡ್ಡಿನ ಹನ್ನೊಂದನೆಯ ಕೆಲಸಗಾರ್ತಿಯಾದಳು.

ಆಮೇಲೆ ಶೆಡ್ಡು ಹೋಗಿ ಕಟ್ಟಡವಾಯಿತು. ಕಟ್ಟಡ ಎರಡಾಯಿತು. ಬರೀ ವೈರು ಕಟ್ಟುತ್ತಿದ್ದವರು ರೇಡಾರನ್ನೇ ಮಾಡತೊಡಗಿದರು, ಉಪಗ್ರಹದ ಭಾಗಗಳನ್ನು ಮಾಡಿದರು, ಹೊರದೇಶಗಳಲ್ಲಿ ಕಚೇರಿ ತೆರೆದರು. ಅತ್ತೆ ಇದನ್ನೆಲ್ಲ ಹೇಳುವ ಧಾಟಿ ಕೇಳಬೇಕು ನೀವು! ಮಗುವಿಗೆ ಹಲ್ಲು ಬಂದದ್ದು, ಅಂಬೆಗಾಲಿಟ್ಟದ್ದು, ಮೊದಲ ಸಲ ಹೊಸಿಲು ದಾಟಿದ್ದು ಹೇಳಿದ ಹಾಗೆಯೇ. ನಿವೃತ್ತಳಾಗಿ ಕೊಟ್ಟೂರಿಗೆ ಬಂದು ನೆಲೆಸಿದ ಮೇಲೂ “ನಮ್ಮ ಕಂಪನಿ” ಎನ್ನುವುದು ಬಿಡಲಿಲ್ಲ. ಪೇಪರಿನಲ್ಲಿ ಅದರ ಸುದ್ದಿ ಬಂದ ದಿನ ಓಣಿಗೆಲ್ಲ ಹಬ್ಬ.

ಹಾಗೆ ಒಂದು ದಿನ ಕಂಪನಿ ಇಂಗ್ಲೆಂಡಿನಲ್ಲಿ ಒಂದು ಕಾರ್ಖಾನೆ ಕೊಂಡಿತು. ಅತ್ತೆ ಸಂತೆಗೆ ಹೋದವಳು ಸೊಪ್ಪಿನವಳ ಮುಂದೆ ಕುಳಿತು, “ನಾವು ಇಂಗ್ಲೆಂಡಿನಾಗ ಒಂದು ತಗಂಡ್ವಿ” ಎಂದಳು.

“ಏನು, ಸೈಟೇನ್ರಿ?”

“ಅಲ್ಲವ್ವ, ಫ್ಯಾಕ್ಟರಿ. ಅದಿರ್ಲಿ, ಈ ಕೊತ್ತಂಬರಿ ಒಂದ್ ಸೂಡು ಹೆಚ್ಗಿ ಹಾಕು.”

ಸೊಪ್ಪಿನವಳು ಸೊಂಟದ ಮೇಲೆ ಕೈಯಿಟ್ಟಳು. “ಇಂಗ್ಲೆಂಡಿನಾಗ ಫ್ಯಾಕ್ಟರಿ ತಗಂಡೋರು ಕೊತ್ತಂಬರಿಗೆ ಯಾಕ ಇಷ್ಟು ಬಡದಾಡ್ತೀರಬೇ!”

ಅತ್ತೆಗೆ ಇನ್ನೊಂದು ರೋಗ ಅಂಟಿತ್ತು. ಕೊನೆಯ ವರ್ಷಗಳಲ್ಲಿ ಅವಳು ಅಲ್ಲಿ ತಪಾಸಣೆ ವಿಭಾಗದಲ್ಲಿದ್ದಳು. ಹಾಗಾಗಿ ಜೋಡಣೆ ಎನ್ನುವುದು ಎಲ್ಲಿ ಕಂಡರೂ ಎಳೆದು ನೋಡುವಳು. ಬಾಗಿಲಿನ ಚಿಲಕ, ಚೀಲದ ಹಿಡಿಕೆ, ನನ್ನ ಅಂಗಿಯ ಗುಂಡಿ, ಯಾವುದನ್ನೂ ಬಿಡುತ್ತಿರಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮವರದೊಂದು ಮದುವೆ. ಎಲ್ಲರೂ ಮದುಮಗಳ ಸೀರೆ ನೋಡುತ್ತಿದ್ದರೆ ಅತ್ತೆ ಹಂದರದ ದೀಪದ ವೈರು ಎಳೆಯುತ್ತ ನಿಂತಿದ್ದಳು. ಎಳೆದದ್ದು ಕೈಗೇ ಬಂತು! ದೀಪದವನು ಓಡಿ ಬಂದ.

“ಅಮ್ಮಾರ, ಇದು ಮದುವಿ ಐತ್ರಿ, ವಿಮಾನ ಅಲ್ಲ!”

“ವಿಮಾನದಾಗ ನೂರು ಮಂದಿ ಕುಂದರ್ತಾರ. ಇಲ್ಲಿ ಐನೂರು ಮಂದಿ ಕುಂತಾರ. ಬಿಚ್ಚು ಎಲ್ಲಾ!”

ಅವನು ಗೊಣಗುತ್ತ ಬಿಚ್ಚಿದ. ಮತ್ತೆ ಕಟ್ಟಿ ಮುಗಿಸುವಷ್ಟರಲ್ಲಿ ಅಕ್ಷತೆ ಬಿದ್ದು, ಊಟದ ಎರಡನೆಯ ಪಂಕ್ತಿಯೂ ಎದ್ದಿತ್ತು.

ಅವತ್ತು ಊಟಕ್ಕೆ ಕುಳಿತಾಗ ಮಾವ ನನಗೆ ಹೇಳಿದ್ದು: “ದೀಪದಾವ ಪುಣ್ಯವಂತ ಬಿಡು. ಇಕಿ ಅವನ ಡಬ್ಬಿ ಮ್ಯಾಲ ಕುಂದರಲಿಲ್ಲ.”

ಅದೊಂದು ಕಥೆ. ಕಂಪನಿ ಇನ್ನೂ ಶೆಡ್ಡಿನಲ್ಲಿದ್ದಾಗ ಮೊದಲ ಸಲ ಹೊರದೇಶದ ಆರ್ಡರು ಸಿಕ್ಕಿತ್ತು. ಹೇಳಿದ ದಿನಕ್ಕೆ ಮಾಲು ಮುಟ್ಟದಿದ್ದರೆ ಶೆಡ್ಡಿಗೆ ಬೀಗ ಬೀಳುವ ಪರಿಸ್ಥಿತಿ. ಎಲ್ಲ ಕಟ್ಟಿ, ಮರದ ಪೆಟ್ಟಿಗೆಗೆ ತುಂಬಿ, ಮೊಳೆ ಹೊಡೆದಾಗಿತ್ತು. ಗಾಡಿ ಬಾಗಿಲಿಗೆ ಬಂದು ನಿಂತಿತ್ತು. ಅತ್ತೆ ಹೋಗಿ ಆ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟಳು! “ನಾನು ಹಾಕಿದ್ದರಾಗ ಒಂದು ಬೆಸುಗಿ ಸರಿ ಇಲ್ರಿ. ಪೆಟಗಿ ಬಿಚ್ಚ್ರಿ.” ಯಾವುದು ಎಂದರೆ ಗೊತ್ತಿಲ್ಲ. ಬೈದರೂ ಏಳಲಿಲ್ಲ, ಬೇಡಿಕೊಂಡರೂ ಏಳಲಿಲ್ಲ. ಕೊನೆಗೆ ಪೆಟ್ಟಿಗೆ ಬಿಚ್ಚಿದರು, ಎರಡು ದಿನ ಕುಳಿತು ಒಂದೊಂದನ್ನೂ ನೋಡಿದರು. ಒಂದರಲ್ಲೂ ತಪ್ಪಿರಲಿಲ್ಲ. ಅವತ್ತಿನಿಂದ ಅತ್ತೆಗೆ ಶೆಡ್ಡಿನಲ್ಲಿ “ಪೆಟ್ಟಿಗೆಯಮ್ಮ” ಎಂದೇ ಹೆಸರು.

ಹೋದ ವರ್ಷ ಕಂಪನಿಯಿಂದ ಪತ್ರ ಬಂತು. ಬೆಂಗಳೂರಿನಲ್ಲಿ ಹೊಸ ಕಾರ್ಖಾನೆಯ ಉದ್ಘಾಟನೆ, ಮೊದಲ ಹನ್ನೊಂದು ಜನರಿಗೆ ಸನ್ಮಾನ. ಮಾವನಿಗೆ ಮೊಣಕಾಲು ನೋವು, ಹಾಗಾಗಿ ಕೂಡ್ಲಿಗಿಯಲ್ಲಿ ನಾನು ಪಾಠ ಮಾಡುವ ಶಾಲೆಗೆ ರಜೆ ಹಾಕಿ ನಾನೇ ಜೊತೆಗೆ ಹೋದೆ. ಹನ್ನೊಂದರಲ್ಲಿ ಬಂದವರು ನಾಲ್ಕೇ ಜನ. ಇಂಜಿನಿಯರು ಈಗ ಕೋಲೂರಿ ನಡೆಯುತ್ತಾರೆ. ಅವರೇ ವೇದಿಕೆಯ ಮೇಲೆ ಪೆಟ್ಟಿಗೆಯ ಕಥೆ ಹೇಳಿದರು. ಮಾಲು ತಡವಾದದ್ದೇಕೆ ಎಂದು ಆ ಹೊರದೇಶದವರು ಕೇಳಿದಾಗ, ‘ನಮ್ಮ ಕೆಲಸಗಾರ್ತಿಗೆ ಅನುಮಾನ ಬಂತು, ಎಲ್ಲ ಬಿಚ್ಚಿ ನೋಡಿದೆವು’ ಎಂದು ಇವರು ಇದ್ದದ್ದನ್ನು ಇದ್ದಂತೆ ಬರೆದರಂತೆ. ಅದನ್ನೋದಿ ಅವರು ಇದರ ಮೂರು ಪಟ್ಟು ಆರ್ಡರು ಕಳಿಸಿದರಂತೆ. “ಈ ಕಂಪನಿ ಬೆಳೆದದ್ದು ಈಯಮ್ಮನ ಚುರುಕು ಕಣ್ಣಿನಿಂದ” ಎಂದು ಶಾಲು ಹೊದಿಸಿದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಕೊಟ್ಟೂರಿನ ಸಂತೆಯಲ್ಲಿ ಇನ್ನಾರು ತಿಂಗಳು ಯಾರಿಗೂ ಉಳಿಗಾಲವಿಲ್ಲ ಎಂದುಕೊಂಡೆ ನಾನು.

ವಾಪಸು ಬರಲು ಹುಬ್ಬಳ್ಳಿಯವರೆಗೆ ವಿಮಾನದ ಟಿಕೆಟ್ಟು ಅವರೇ ಮಾಡಿಸಿದ್ದರು. ಇಷ್ಟು ವರ್ಷ ವಿಮಾನದ ವೈರು ಕಟ್ಟಿದ ಅತ್ತೆ ವಿಮಾನ ಹತ್ತಿದ್ದು ಅದೇ ಮೊದಲು. ಕುಳಿತವಳೇ ಬೆಲ್ಟು ಎಳೆದು ನೋಡಿದಳು, ಕಿಟಕಿಯ ಅಂಚು ಒತ್ತಿ ನೋಡಿದಳು. ಮುಂದಿನ ಸೀಟು ಅಲ್ಲಾಡಿಸಲು ಹೋದಾಗ ನಾನು ಕೈ ಹಿಡಿದುಕೊಂಡೆ. ವಿಮಾನ ಮೇಲೇಳುತ್ತಿದ್ದಂತೆ ಆ ಕೈ ನನ್ನ ಕೈಯನ್ನು ಬಿಗಿಯಾಗಿ ಹಿಡಿಯಿತು.

“ಹೆದರಿಕಿ ಆತೇನ್ ಅತ್ತೀ?” ಎಂದು ನಕ್ಕೆ.

ಅವಳು ನಗಲಿಲ್ಲ. “ಸಾಹೇಬ್ರು ಕಣ್ಣು ಚುರುಕು ಅಂದ್ರಲ್ಲ, ಅದು ಸುಳ್ಳು ನೋಡಲೇ” ಎಂದಳು.

“ಯಾಕ?”

“ಪೆಟಗಿಗೆ ಮೊಳಿ ಹೊಡಿಯೋ ಹಿಂದಿನ ದಿನ ನನ್ನ ಮಗಳಿಗೆ, ಅದಾ ನಿಮ್ಮಕ್ಕಗ, ಮೈ ಕೆಂಡದಂಗ ಸುಡತಿತ್ತು. ವರ್ಷದ ಕೂಸು. ಎದುರು ಮನಿಯಾಕಿ ಕೈಯಾಗ ಕೊಟ್ಟು ಕೆಲಸಕ್ಕ ಹೋಗಿದ್ದೆ. ಸಂಜಿಗೆ ನೋಡಿದ್ರ ನನ್ನ ಮುಂದ ಇಪ್ಪತ್ತು ಕಟ್ಟು ಬಿದ್ದಿದ್ವು. ಯಾವಾಗ ಕಟ್ಟಿದ್ದೆ, ಹೆಂಗ ಬೆಸುಗಿ ಹಾಕಿದ್ದೆ, ಒಂದೂ ನೆಪ್ಪಿಲ್ಲ. ಕಣ್ಣಿನಾಗ ಕೂಸೇ ಇತ್ತು. ನೋಡದಿದ್ದದ್ದನ್ನ ಹೆಂಗ ಕಳಿಸಲಿ?”

“ಅದನ್ನ ಅವತ್ತೇ ಹೇಳಬೇಕಿತ್ತಲ್ಲ?”

“ಕೂಸಿನ ತಾಯಿ ಕೆಲಸಕ್ಕ ಬ್ಯಾಡ ಅಂದುಬಿಟ್ಟಿದ್ರ?”

ನಲವತ್ತು ವರ್ಷ ಮಾವನಿಗೂ ಹೇಳದ ಮಾತದು. ಅತ್ತೆ ಕಿಟಕಿಯ ಪಕ್ಕದ ಗೋಡೆಯ ಮೇಲೆ, ಒಳಗೆ ವೈರುಗಳು ಹಾದುಹೋಗುವ ಕಡೆ ಅಂಗೈಯಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು:

“ಇದನ್ನ ಕಟ್ಟಿದಾಕಿ ಕೂಸು ಆರಾಮ ಐತೇನೋ?”

“ಆರಾಮ ಐತಿ ಅತ್ತೀ” ಎಂದೆ.