ಚನ್ನ ಓದುವುದನ್ನು ನೋಡಿಬಂದ ದಿನ

ಸುಳ್ಳು ಹೇಳಿ ಪಶ್ಚಾತ್ತಾಪಪಡುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ನಾನು ನಿಜ ಹೇಳಿ ಪಶ್ಚಾತ್ತಾಪಪಡುತ್ತಿರುವವನು. ಸುಳ್ಳು ಹೇಳಿದವನಿಗೆ ಒಂದು ಅನುಕೂಲವಿದೆ, ಕ್ಷಮೆ ಕೇಳಿದರೆ ಮುಗಿಯಿತು. ಹೇಳಿದ ಮಾತೆಲ್ಲ ನಿಜವೇ ಆಗಿದ್ದರೆ ಏನೆಂದು ಕ್ಷಮೆ ಕೇಳುವುದು? ಈ ವಯಸ್ಸಿಗೂ ನನಗೆ ತಿಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಚನ್ನನಗೌಡ ಮತ್ತು ನಾನು ಸವಣೂರಿನ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಮೆಟ್ರಿಕ್ ಮುಗಿದ ಮೇಲೆ ಅವನು ಧಾರವಾಡಕ್ಕೆ ಕಾಲೇಜು ಕಲಿಯಲು ಹೋದ, ನಾನು ಸೋದರಮಾವನ ವೀಳ್ಯದೆಲೆ ಅಂಗಡಿ ಸೇರಿದೆ. ಗಣಿತದಲ್ಲಿ ನನಗೆ ಅವನಿಗಿಂತ ನಾಲ್ಕು ಅಂಕ ಹೆಚ್ಚು ಬಂದಿದ್ದವು. ಕೇಳಿದವರಿಗೂ ಕೇಳದವರಿಗೂ ಈ ಸಂಗತಿಯನ್ನು ಹೇಳುತ್ತಿದ್ದೆ. ಇದು ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ಒಂದು ದಿನ ಚನ್ನನ ತಂದೆ ಶಿವನಗೌಡರು ಅಂಗಡಿಗೆ ಬಂದು ಒಂದು ಅರಿವೆಯ ಗಂಟನ್ನು ನನ್ನ ಮುಂದಿಟ್ಟರು.

"ಫಕೀರಪ್ಪ, ನಾಳೆ ಧಾರವಾಡಕ್ಕ ಹೋಗಿ ಚನ್ನಗ ಈ ಬುತ್ತಿ ಮುಟ್ಟಿಸಿ ಬಾ. ಬುತ್ತಿ ಬರೇ ನೆಪ. ಅವ ಖರೇನ ಓದಾಕತ್ತಾನೋ ಇಲ್ಲೋ, ಕಣ್ಣಾರೆ ನೋಡಿ ಬಂದು ಹೇಳು. ಓದಾಕತ್ತಿದ್ರ ಓದ್ಲಿ. ಸುಮ್ನ ಕುಂತು ಹೊತ್ತು ಕಳ್ಯಾಕತ್ತಿದ್ರ, ಹಾಸಿಗಿ ಸುತ್ತಿಸಿ ಕರಕೊಂಡು ಬರ್ತೇನಿ."

ನನ್ನ ಮಾವ ನಕ್ಕ. "ಇವನ್ನ ಕಳಸ್ತೀರೇನ್ರಿ ಗೌಡ್ರ? ಎಳೀ ಎಲಿ ಯಾವ್ದು, ಬಲಿತ ಎಲಿ ಯಾವ್ದು ಅನ್ನೂದ ಇವಗಿನ್ನೂ ತಿಳ್ಯಾಂಗಿಲ್ಲ."

"ಮೆಟ್ರಿಕ್ ಪಾಸಾಗ್ಯಾನಲ್ಲೋ ಮಾರಾಯಾ. ಓದು ಅಂದ್ರ ಏನಂತ ಅವಗರ ಗೊತ್ತಿರ್ತೈತಿ. ನಾ ಹೆಬ್ಬಟ್ಟಿನಾಂವ, ನನಗೇನು ತಿಳೀತೈತಿ?" ಎಂದರು ಗೌಡರು. ನಾನು ಎದೆ ಉಬ್ಬಿಸಿದೆ.

ಯಲವಿಗಿಯಲ್ಲಿ ರೈಲು ಹತ್ತಿ ಧಾರವಾಡ ಮುಟ್ಟಿದೆ. ಅಂದು ಕಾಲೇಜಿಗೆ ರಜೆ. ಚನ್ನ ಎಲ್ಲಿದ್ದಾನೆಂದು ಕೇಳಿದ್ದಕ್ಕೆ ಯಾರೋ ಒಂದು ಬಾಗಿಲ ಕಡೆ ಕೈ ತೋರಿಸಿದರು. ಬಾಗಿಲಲ್ಲಿ ನಿಂತು ಒಳಗೆ ಇಣುಕಿದೆ. ನಲವತ್ತು ಗಂಡಸರು ತಲೆ ತಗ್ಗಿಸಿ ಕುಳಿತಿದ್ದಾರೆ. ಒಬ್ಬರಿಗೂ ಮಾತಿಲ್ಲ. ನಾನು ಎಲೆ ಹರಾಜಿನ ಕೂಗಾಟದಲ್ಲಿ ಬೆಳೆದವನು. ನಮ್ಮ ಕಡೆ ಅಷ್ಟು ಗಂಡಸರು ಬಾಯಿ ಮುಚ್ಚಿ ಕುಳಿತಿದ್ದಾರೆಂದರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಸತ್ತವರ ಮನೆಗೆ ತಿನ್ನುವ ಪದಾರ್ಥ ಒಯ್ಯಬಾರದಲ್ಲ, ಬುತ್ತಿಯನ್ನು ಹೊರಗೇ ಇಟ್ಟೆ. ಚಪ್ಪಲಿ ಬಿಟ್ಟೆ. ಅಂಥ ಮನೆಯಲ್ಲಿ ಯಾರೂ "ಬಾ" ಎಂದು ಕರೆಯುವುದಿಲ್ಲ, ನಾವಾಗಿಯೇ ಹೋಗಿ ಕೂಡಬೇಕು. ಇಲ್ಲಿಯೂ ಯಾರೂ ಕರೆಯಲಿಲ್ಲ. ನನ್ನ ಅನುಮಾನ ಗಟ್ಟಿಯಾಯಿತು. ಮುಖ ಬಾಡಿಸಿಕೊಂಡು ಬಾಗಿಲ ಬಳಿಯ ಕುರ್ಚಿಯ ತುದಿಯಲ್ಲಿ ಕುಳಿತು, ಪಕ್ಕದ ಕನ್ನಡಕದ ಯುವಕನನ್ನು ಮೆಲ್ಲಗೆ ಕೇಳಿದೆ: "ಮಣ್ಣು ಮಾಡೂದು ಎಷ್ಟೊತ್ತಿಗ್ರಿ?"

ಅವನು ತುಟಿಯ ಮೇಲೆ ಬೆರಳಿಟ್ಟ. ಪಾಪ, ತೀರ ಹತ್ತಿರದ ಸಂಬಂಧಿಕನಿರಬೇಕು ಎಂದು ಮರುಗಿದೆ.

ಆಮೇಲೆ ಕಿಟಕಿಯ ಬಳಿ ಚನ್ನ ಕಂಡ. ಅವನ ಮುಂದೆ ಪುಸ್ತಕ. ಪಕ್ಕದವನ ಮುಂದೆಯೂ ಪುಸ್ತಕ. ತಲೆ ಎತ್ತಿ ನೋಡಿದೆ. ನೆಲದಿಂದ ಮಾಳಿಗೆಯ ತನಕ ಪುಸ್ತಕಗಳು, ಮೇಲಿನವನ್ನು ತೆಗೆಯಲು ಒಂದು ಏಣಿ. ಏಣಿಯನ್ನು ಹುಣಸೆ ಮರಕ್ಕೆ ಹಚ್ಚುವುದು ನನಗೆ ಗೊತ್ತು, ಓದಿಗೆ ಹಚ್ಚಿದ್ದನ್ನು ಅಂದೇ ಕಂಡದ್ದು. ನಾನು ಓದಿದ ಪುಸ್ತಕಗಳೆಲ್ಲ ಸೇರಿ ಆ ಏಣಿಯ ಮೊದಲ ಮೆಟ್ಟಿಲನ್ನೂ ಮುಟ್ಟುತ್ತಿರಲಿಲ್ಲ. ಎದ್ದು ಹೋಗಿ ಚನ್ನನ ಎದುರು ಕುಳಿತೆ. ಅವನು ನನ್ನನ್ನು ನೋಡಿ ಕೂಡು ಎಂದು ಕೈ ಮಾಡಿ, ಮತ್ತೆ ಪುಸ್ತಕದೊಳಗೆ ಇಳಿದುಬಿಟ್ಟ. ಹೌದು, ಬಾವಿಗೆ ಇಳಿದಂತೆ ಇಳಿದ. ಮೇಲೆ ಕುಳಿತ ನನಗೆ ಅವನ ನೆತ್ತಿ ಮಾತ್ರ ಕಾಣುತ್ತಿತ್ತು. ಒಂದೇ ಪುಟವನ್ನು ಅದೆಷ್ಟೋ ಹೊತ್ತು ನೋಡಿದ. ಕಾಗದದ ಮೇಲೆ ಏನೋ ಗೀಚಿ ಹೊಡೆದುಹಾಕಿದ. ನೊಣ ಬಂದು ಕಿವಿಯ ಮೇಲೆ ಕುಳಿತರೂ ಅವನಿಗೆ ತಿಳಿಯಲಿಲ್ಲ. ಒಮ್ಮೆಲೇ ತನ್ನಷ್ಟಕ್ಕೆ ತಾನೇ ನಕ್ಕ. ಆ ನಗುವಿನಲ್ಲಿ ನಾನೂ ಇರಲಿಲ್ಲ, ಸವಣೂರೂ ಇರಲಿಲ್ಲ.

ಮಧ್ಯಾಹ್ನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದಾಗ, ಗೌಡರು ನನ್ನನ್ನು ಯಾಕೆ ಕಳಿಸಿದ್ದಾರೆಂದು ಚನ್ನನಿಗೆ ಹೇಳಿ, ಕೇಳಿದೆ, "ಯಾಕಲೇ ಹುಚ್ಚರಂಗ ನಕ್ಕಿ?"

"ಮೂರು ದಿನದಿಂದ ಒಂದು ಲೆಕ್ಕ ಬಗೀಹರಿದಿದ್ದಿಲ್ಲೋ. ಈಗ ಬಗೀಹರೀತು." ಕೈಯಲ್ಲಿನ ರೊಟ್ಟಿಯನ್ನು ಮರೆತು ಹೇಳಿದ: "ಕೆಲವು ಚುಕ್ಕಿ ಎಷ್ಟು ದೂರ ಅದಾವಂದ್ರ, ಅವುಗಳ ಬೆಳಕು ಇಲ್ಲಿಗೆ ಮುಟ್ಟೂದ್ರಾಗ ನಮ್ಮ ಮುತ್ಯಾ, ಅವರ ಮುತ್ಯಾ, ಎಲ್ಲಾರೂ ಹುಟ್ಟಿ ಸತ್ತು ಹೋಗಿರ್ತಾರ."

ನನ್ನ ಬಾಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು. ನಡುಹಗಲಿನಲ್ಲಿ, ಚುಕ್ಕಿಯೊಂದೂ ಕಾಣದ ಆಕಾಶವನ್ನು ನಾನು ಕತ್ತೆತ್ತಿ ನೋಡಿದೆ. ಅಂಥ ಬೆರಗು ನನಗೆ ಮತ್ತೆ ಬಂದಿಲ್ಲ. ಆದರೆ ತುತ್ತು ಕೆಳಗಿಳಿದಂತೆ ಬೆರಗೂ ಇಳಿದು, ಹೊಟ್ಟೆಯಲ್ಲಿ ಬೇರೆಯೇ ಉರಿ ಎದ್ದಿತು. ನಾಲ್ಕು ಅಂಕ ಹೆಚ್ಚು ಬಂದವನು ನಾನು, ಆಕಾಶ ಸಿಕ್ಕಿದ್ದು ಇವನಿಗೆ!

ಮರುದಿನ ಗೌಡರ ಮುಂದೆ ನಿಂತು ಕಂಡದ್ದನ್ನೇ ಹೇಳಿದೆ. "ನಾ ಹೋದಾಗಿಂದ ಮಧ್ಯಾಹ್ನತನಕ ಕುಂತಿದ್ದನ್ರಿ. ಕಾಗದದ ಮ್ಯಾಲೆ ಗೀಚತಿದ್ದ, ಹೊಡದಹಾಕತಿದ್ದ. ಒಮ್ಮೆ ತನ್ನಷ್ಟಕ ತಾನ ನಕ್ಕನ್ರಿ."

"ಯಾರರ ಪಾಠ ಹೇಳಾಕತ್ತಿದ್ರೇನು?"

"ಇಲ್ರಿ. ಯಾರೂ ಮಾತ ಆಡಲಿಲ್ರಿ."

ರಜೆಯ ವಿಷಯ ನನಗೆ ನೆನಪಿತ್ತು. ಪುಸ್ತಕದ ವಿಷಯ, ಲೆಕ್ಕದ ವಿಷಯವೂ ನೆನಪಿದ್ದವು. ಯಾವುದನ್ನೂ ಹೇಳಲಿಲ್ಲ. ಗೌಡರ ಮುಖ ಕಪ್ಪಿಟ್ಟಿತು. ಎರಡು ದಿನ ಬಿಟ್ಟು, ಮಗನ ಹಾಸಿಗೆ ಕಟ್ಟಲು ಹಗ್ಗ ಹಿಡಿದುಕೊಂಡು ತಾವೇ ರೈಲು ಹತ್ತಿದರು. ಆ ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೂ ಯಲವಿಗಿಗೆ ಹೋಗಿ ಅವರನ್ನು ತಡೆಯಲಿಲ್ಲ.

ಗೌಡರು ಒಬ್ಬರೇ ತಿರುಗಿ ಬಂದರು. ನೇರವಾಗಿ ಅಂಗಡಿಗೇ ಬಂದು ಹಗ್ಗವನ್ನು ನನ್ನ ಮುಂದೆ ಇಟ್ಟರು.

"ಆ ಪುಸ್ತಕದ ಕೋಲಿ ಬಾಗಿಲದಾಗ ನಿಂತು ನೋಡ್ದೆ. ನಾ ನಿಂತದ್ದು ಅವಗ ಗೊತ್ತ ಆಗಲಿಲ್ಲ. ದೇವರ ಮುಂದ ಕುಂತಾಂವನ್ನ ಎಬ್ಬಸ್ತಾರೇನೋ? ಸಂಜೀತನಕ ನಿಂತು, ಹಂಗ ಹೊಳ್ಳಿ ಬಂದೆ." ಆಮೇಲೆ ನನ್ನ ಕಡೆ ಬಾಗಿ ಕೇಳಿದರು, "ನೀ ಮೆಟ್ರಿಕ್ ಪಾಸಾಗಿದ್ದು ಖರೇ ಏನೋ ಫಕೀರಪ್ಪ?"

ನನ್ನ ಮಾವ ಎಲೆಗೆ ನೀರು ಚಿಮುಕಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. ಅಂದಿನಿಂದ ಆ ನಾಲ್ಕು ಅಂಕಗಳ ಮಾತನ್ನು ನಾನು ಎತ್ತಿಲ್ಲ.

ಇಷ್ಟೇ ಆಗಿದ್ದರೆ ಗೌಡರ ಆ ಒಂದು ಪ್ರಶ್ನೆಯಲ್ಲಿ ನನ್ನ ಶಿಕ್ಷೆ ಮುಗಿಯುತ್ತಿತ್ತು. ಆದರೆ ಗೌಡರು ಮಗನಿಗೆ ಏನನ್ನೂ ಹೇಳಲಿಲ್ಲ. ತಾವು ಬಾಗಿಲಲ್ಲಿ ನಿಂತದ್ದನ್ನೂ ಹೇಳಲಿಲ್ಲ. ಚನ್ನ ಕಾಲೇಜು ಮುಗಿಸಿದ, ದೊಡ್ಡ ಮೇಷ್ಟ್ರಾದ. ಸವಣೂರಿಗೆ ಬಂದಾಗಲೆಲ್ಲ ನಾಲ್ಕು ಜನರ ನಡುವೆ ನನ್ನ ಹೆಗಲ ಮೇಲೆ ಕೈ ಹಾಕಿ, "ಅವತ್ತ ಇಂವ ಅಪ್ಪನ ಮುಂದ ನನ್ನ ಪರವಾಗಿ ನಾಕ ಮಾತು ಹೇಳಿದ್ದಕ್ಕ ನಾ ಓದಿದೆ" ಎನ್ನುತ್ತಾನೆ. ನಾನು "ಏ, ಬಿಡೋ, ಅದರಾಗೇನೈತಿ" ಎನ್ನುತ್ತೇನೆ. ಜನ ಅದನ್ನು ನನ್ನ ದೊಡ್ಡತನ ಎಂದುಕೊಳ್ಳುತ್ತಾರೆ. ಅವನ ಮಗಳ ಮದುವೆಯಲ್ಲಿ ಇದೇ ಪುಣ್ಯಕ್ಕಾಗಿ ನನಗೆ ರುಮಾಲು ಸುತ್ತಿ ಮೊದಲ ಸಾಲಿನಲ್ಲಿ ಕೂರಿಸಿದರು. ಹೋಳಿಗೆಯನ್ನೂ ಎರಡು ಸಲ ಹಾಕಿಸಿಕೊಂಡೆ.

ಈಗ ಎಲ್ಲವನ್ನೂ ಬರೆದಾಯಿತು. ಚನ್ನ ಕೈಗೆ ಸಿಕ್ಕಿದ್ದನ್ನೆಲ್ಲ ಓದುವವನು, ಇದನ್ನೂ ಓದುತ್ತಾನೆ. ಮನಸ್ಸು ಹಗುರವಾಗಬೇಕಾಗಿತ್ತು. ಆದರೆ ಅವನ ಓದಿಗೆ ಅಡ್ಡ ಬಂದ ಪಾಪವನ್ನು ತೊಳೆದುಕೊಳ್ಳಲು ಕುಳಿತ ನಾನು, ಬರೆದು ಮುಗಿಸುವ ಹೊತ್ತಿಗೆ, ಇದೊಂದನ್ನು ಅವನು ಓದದೆ ಬಿಡಲಪ್ಪಾ ಎಂದು ದೇವರಿಗೆ ಕೈ ಮುಗಿಯುತ್ತಿದ್ದೇನೆ.