ನುಗ್ಗೇಕಾಯಿಯ ಪಶ್ಚಾತ್ತಾಪ

ಭೀಮರಾಜುವಿನ ಪಾಡು ಕೆಟ್ಟದ್ದು ನುಗ್ಗೇಕಾಯಿ ಕದ್ದದ್ದರಿಂದಲ್ಲ, ಕದ್ದೆನೆಂದು ಒಪ್ಪಿಕೊಂಡದ್ದರಿಂದ.

ಆತ ದೊಡ್ಡೇರಿಯ ಹೈಸ್ಕೂಲಿನಲ್ಲಿ ಅಟೆಂಡರ್. ಭಾನುವಾರ ತಪ್ಪದೆ ಊರಾಚೆಯ ಶೀಟು ಹೊದಿಸಿದ ಪ್ರಾರ್ಥನಾ ಮಂದಿರದ ಎರಡನೇ ಸಾಲಿನಲ್ಲಿ ಕೂರುವ ಮನುಷ್ಯ. ಆ ಬೆಳಿಗ್ಗೆ ಪಾಸ್ಟರ್ ಅಂಜನ್ ಕುಮಾರ್ ಬಿಡಿಸಿ ಹೇಳಿದ್ದರು: “ಹೋದ ವರ್ಷ ಸ್ನಾನ ಮಾಡಿದ್ದೆ ಅಂತ ಈ ವರ್ಷ ಸುಮ್ನಿರ್ತೀರಾ? ಮೈಗೆ ದಿನಾ ನೀರು ಬೇಕು, ಮನಸ್ಸಿಗೆ ದಿನಾ ಕ್ಷಮೆ ಬೇಕು. ಸಂಜೆ ಕರ್ತನ ಭೋಜನ ಇದೆ. ಯಾರಿಗೆ ತಪ್ಪು ಮಾಡಿದ್ದೀರೋ ಅವರ ಹತ್ರ ಕ್ಷಮೆ ಕೇಳಿ ಬನ್ನಿ. ಆಮೇಲೆ ರೊಟ್ಟಿ, ದ್ರಾಕ್ಷಾರಸ ಮುಟ್ಟಿ.”

ಮನಸ್ಸು ಚುಚ್ಚುತ್ತಿದ್ದರಿಂದ ಭೀಮರಾಜು ಮೂರು ತಿಂಗಳಿಂದ ಆ ರೊಟ್ಟಿ ಮುಟ್ಟಿರಲಿಲ್ಲ. ಪಕ್ಕದ ಮನೆಯ ಓಬಳಮ್ಮನ ನುಗ್ಗೆಮರ ಕಾಂಪೌಂಡು ದಾಟಿ ಇವನ ಹಿತ್ತಲಿಗೆ ಬಗ್ಗಿತ್ತು. ನಾಲ್ಕು ವರ್ಷದಿಂದ ಇವನ ಮನೆಯ ಸಾರು ಆ ಕೊಂಬೆಯ ಮೇಲೇ ನಡೆದಿತ್ತು. ಇವತ್ತು ರೊಟ್ಟಿ ತಿಂದೇ ತೀರಬೇಕೆಂದು ಆತ ಓಬಳಮ್ಮನ ಜಗಲಿ ಹತ್ತಿದ.

“ಅಕ್ಕಾ, ನಿಮ್ ಮರದ ಕಾಯಿ ಕೀಳ್ತಿದ್ದೋನು ನಾನೇ. ಕ್ಷಮಿಸ್ಬುಡಿ.”

ಓಬಳಮ್ಮ ಮೊರ ಕೆಳಗಿಟ್ಟಳು. “ಅಯ್ಯೋ, ನಿನ್ ಮನೆ ಹಾಳಾಗ! ಅಡವಯ್ಯ ಕೀಳ್ತಾನೆ ಅಂತ ನಾಲ್ಕು ವರ್ಷದಿಂದ ಅವನ ಮಕ ನೋಡಿಲ್ವಲ್ಲೋ! ಮಗಳ ಮದ್ವೇಗೂ ಕರೀಲಿಲ್ಲ!”

“ಕ್ಷಮಿಸಿದ್ರಾ ಅಕ್ಕಾ?”

“ಮೊದ್ಲು ಹೋಗಿ ಅಡವಯ್ಯನ ಕಾಲು ಹಿಡ್ಕೊ. ಆಮೇಲೆ ನೋಡಾನ.”

ಅಡವಯ್ಯ ಮರದ ಆಚೆ ಬದಿಯ ಮನೆಯವನು. ಎಲ್ಲವನ್ನೂ ಕೇಳಿ ಮೀಸೆ ತಿರುವಿದ. “ಇಲ್ಲಿ ಗುಟ್ಟಾಗಿ ಹೇಳಿದ್ರೆ ಆಗಕ್ಕಿಲ್ಲ ಕಣ್ಲಾ. ನನ್ ಮಾನ ಹೋಗಿದ್ದು ಊರ್ ಮುಂದೆ. ಡೇರಿ ಹತ್ರ ನಡಿ, ಹಾಲಿಗೆ ಜನ ಸೇರೋ ಹೊತ್ತು.” ಸಂತೆಗೆ ಹೋರಿ ಎಳೆದೊಯ್ಯುವಂತೆ ಕರೆದೊಯ್ದ.

ಕ್ಯಾನು ಹಿಡಿದು ಸಾಲುಗಟ್ಟಿದ್ದವರ ಮುಂದೆ ಭೀಮರಾಜು ಗಂಟಲು ಸರಿಮಾಡಿಕೊಂಡ. “ಅಡವಯ್ಯ ಕಳ್ಳ ಅಲ್ಲ. ಕಳ್ಳ ನಾನು.”

ಅಷ್ಟೇ ಸಾಕಾಯಿತು. ಊರಿನಲ್ಲಿ ಕಾಣೆಯಾದದ್ದಕ್ಕೆಲ್ಲ ಕೊನೆಗೂ ಒಬ್ಬ ಕಳ್ಳ ಸಿಕ್ಕಿದ್ದ.

“ಅಂಗಾರೆ ನಮ್ ಬಚ್ಚಲಿನ ತಾಮ್ರದ ಚೊಂಬು?”

“ನನ್ ಸ್ಕೂಟ್ರು ಮಿರರ್ರು?”

“ಅಯ್ಯೋ, ಅವೆಲ್ಲ ನಾನಲ್ಲ!”

“ಈಗಿನ್ನ ನೀನೇ ಹೇಳ್ದಲ್ಲೋ, ಕಳ್ಳ ನಾನು ಅಂತ!”

ಭೀಮರಾಜುವಿನಂತೆಯೇ ಪ್ರಾರ್ಥನೆಗೆ ಬರುವ ಮಹಾಲಕ್ಷ್ಮಮ್ಮ ಸೆರಗು ಸಿಕ್ಕಿಸಿ ಮುಂದೆ ನುಗ್ಗಿದಳು. “ನನ್ ಕೆಂಪು ಹುಂಜ ಈಸ್ಟರ್ ದಿನದಿಂದ ಕಾಣ್ತಿಲ್ಲ. ನುಗ್ಗೇಕಾಯಿ ಜೊತೆ ಬೇಯಿಸ್ಕೊಂಡ್ಯೇನ್ಲಾ?”

ಬಿಡಿಸಿಕೊಂಡು ಓಡುವ ಹೊತ್ತಿಗೆ ಅಂಗಿಯ ಎರಡು ಗುಂಡಿ ಡೇರಿಯಲ್ಲೇ ಉಳಿದವು. ತಮಾಷೆ ನೋಡಲು ಹಿಂದೆಯೇ ಬಂದಿದ್ದ ಓಬಳಮ್ಮ, ಅಡವಯ್ಯ ಇಬ್ಬರೂ ತೃಪ್ತಿಯಿಂದ ಕ್ಷಮಿಸಿದ್ದರು. ಮಹಾಲಕ್ಷ್ಮಮ್ಮ ಕ್ಷಮಿಸಿರಲಿಲ್ಲ.

ಪಾಸ್ಟರ್ ಮಂದಿರದಲ್ಲಿ ಒಬ್ಬರೇ ತಟ್ಟೆ ಒರೆಸುತ್ತಿದ್ದಾಗ ಭೀಮರಾಜು ಏದುಸಿರು ಬಿಡುತ್ತ ಒಳಗೆ ನುಗ್ಗಿದ. “ಅಯ್ಯನೋರೆ, ಆ ಹುಂಜ ದೇವ್ರಾಣೆಗೂ ನಾನ್ ಮುಟ್ಟಿಲ್ಲ!”

“ಗೊತ್ತು,” ಎಂದು ಪಾಸ್ಟರ್ ಬಾಗಿಲು ಮುಚ್ಚಿದರು. “ಈಸ್ಟರ್ ಬೆಳಿಗ್ಗೆ ಪ್ರಾರ್ಥನೆಗೆ ಬರ್ತಾ ನನ್ ಬೈಕಿಗೆ ಸಿಕ್ತು. ಬೀದೀಲಿ ಬಿಟ್ರೆ ನಾಯಿ ಪಾಲಾಗುತ್ತೆ ಅಂತ ಚೀಲಕ್ಕೆ ಹಾಕ್ಕೊಂಡೆ. ಹಬ್ಬ ಬೇರೆ...” ಅವರ ತಲೆ ತಗ್ಗಿತು. “ಅವತ್ತಿಂದ ದಿನಾ ದೇವರ ಹತ್ರ ಕ್ಷಮೆ ಕೇಳ್ತಿದೀನಿ. ಆಯಮ್ಮನ ಹತ್ರ ಕೇಳೋಕೆ ಧೈರ್ಯ ಸಾಲ್ತಿಲ್ಲ. ನನ್ನಿಂದ ನಿಮಗೂ ಕೆಟ್ಟ ಹೆಸರು ಬಂತು. ನೀವಾದ್ರೂ ಕ್ಷಮಿಸಿ ಭೀಮರಾಜು.”

ಬಾಯಿಬಿಟ್ಟು ಕೇಳಿದವರನ್ನು ಕ್ಷಮಿಸದಿರುವುದು ಹೇಗೆ? ಕ್ಷಮಿಸಿದ. ಪಾಸ್ಟರ್ ಮುಖ ಹುಣಸೆಹಣ್ಣಿನಲ್ಲಿ ಉಜ್ಜಿದ ಬಿಂದಿಗೆಯಂತೆ ಬೆಳಗಿತು. “ಇವತ್ತು ಸಭೇಲೇ ಹೇಳ್ಬಿಡ್ತೀನಿ,” ಎಂದರು.

ಸಂಜೆ ಸಭೆ ತುಂಬಿತು. “ಯಾರಿಗಾದ್ರೂ ಯಾರ ಮೇಲಾದ್ರೂ ಬೇಜಾರಿದ್ರೆ...” ಎಂದು ಪಾಸ್ಟರ್ ಶುರುಮಾಡುವಷ್ಟರಲ್ಲೇ ಮಹಾಲಕ್ಷ್ಮಮ್ಮ ಎದ್ದು ನಿಂತಳು. “ನನ್ ಹುಂಜ ತಿಂದೋನು ಇಲ್ಲೇ ಕೂತವ್ನೆ!”

ಪಾಸ್ಟರ್ ಬಾಯಿ ತೆರೆದರು. “ಆ ಹುಂಜ... ಆ ಹುಂಜ...” ಎಂದು ಅಲ್ಲೇ ತಡವರಿಸಿದರು. ಮುಂದಿದ್ದ ಬೈಬಲಿನ ಹಾಳೆಗಳನ್ನು ಸುಮ್ಮನೆ ಹಿಂದೆ ಮುಂದೆ ಮಗುಚತೊಡಗಿದರು. ಅವರ ಅವಸ್ಥೆ ನೋಡಲಾರದೆ ಭೀಮರಾಜು ಎದ್ದೇಬಿಟ್ಟ.

“ನಾನೇ ತಿಂದೆ ಕಣಮ್ಮ! ಕ್ಷಮಿಸ್ಬುಡು.”

ಮಹಾಲಕ್ಷ್ಮಮ್ಮ ಕಣ್ಣೊರೆಸಿಕೊಂಡಳು. “ಒಪ್ಕೊಂಡ್ಯಲ್ಲ, ಅಷ್ಟು ಸಾಕು. ಕ್ಷಮಿಸಿದೀನಿ ಕೂತ್ಕಳಪ್ಪ.” ಸಭೆಗೆ ಸಭೆಯೇ “ಸ್ತೋತ್ರ!” ಎಂದಿತು.

ಪಾಸ್ಟರ್ ರೊಟ್ಟಿಯ ತಟ್ಟೆ ಹಿಡಿದು ಎರಡನೇ ಸಾಲಿಗೆ ಬಂದರು. ಕಣ್ಣಲ್ಲಿ ನೀರಿತ್ತು. ಭೀಮರಾಜು ಕೈ ಚಾಚಿದವನು ಅರ್ಧಕ್ಕೇ ನಿಲ್ಲಿಸಿದ.

“ಅಯ್ಯನೋರೆ,” ಎಂದು ಪಿಸುಗುಟ್ಟಿದ, “ಈಗ ದೇವರ ಮುಂದೇನೇ ಸುಳ್ಳು ಹೇಳ್ದೆನಲ್ಲ, ಅದಕ್ಕೆ ಯಾರ ಹತ್ರ ಕ್ಷಮೆ ಕೇಳ್ಬೇಕು?”

ಪಾಸ್ಟರ್ ಪ್ರಾಮಾಣಿಕವಾಗಿ ಯೋಚಿಸಿದರು.

“ಮಹಾಲಕ್ಷ್ಮಮ್ಮನ ಹತ್ರ. ಆಮೇಲೆ ರೊಟ್ಟಿ,” ಎಂದು ಪಿಸುಗುಟ್ಟಿ, ತಟ್ಟೆಯನ್ನು ಪಕ್ಕದವನ ಮುಂದೆ ಹಿಡಿದರು.